ಒಳಚರಂಡಿ ಮಂಡಳಿಯಲ್ಲಿ ಇಂಟರ್ನ್‌ಶಿಪ್: ಫಾರ್ವರ್ಡ್ ನಂಬಿ ರೊಕ್ಕ ತುಂಬುವ ಮೊದಲು ಇದನ್ನು ಓದಿ

ಹಿರೇಬೆಂಡಿಗೇರಿಯಲ್ಲಿರುವ ನಮ್ಮ ಕಾಕಾನ ಮಗಳು ಒಂದು ರಾತ್ರಿ ನನಗೆ ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಕಳಿಸಿದಳು. ಅದರಲ್ಲಿ ಹೀಗಿತ್ತು: ‘ಸರ್ಕಾರಿ ಒಳಚರಂಡಿ ಮಂಡಳಿಯಲ್ಲಿ ಇಂಟರ್ನ್‌ಶಿಪ್. ತಿಂಗಳಿಗೆ 25,000 ರೂ. ಆರು ತಿಂಗಳ ನಂತರ ಪರ್ಮನೆಂಟ್. 10ನೇ ತರಗತಿ ಪಾಸಾಗಿದ್ದರೆ ಸಾಕು. ನೋಂದಣಿ ಶುಲ್ಕ 999 ರೂ. ನಾಳೆಯೇ ಕೊನೆಯ ದಿನ. ಹತ್ತು ಜನರಿಗೆ ಶೇರ್ ಮಾಡಿ.’

ಕೆಳಗೆ ಆಕೆಯ ಪ್ರಶ್ನೆ: ‘ಅಕ್ಕಾ, ಇದು ಖರೇ ಐತೇನ? ಅಪ್ಪಾಗ ಹೇಳಿ ರೊಕ್ಕ ಹಾಕಿಸ್ಲೇನ?’

ಆಕೆ ಸಿವಿಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾಳೆ. ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಹುಡುಕಿಕೊಳ್ಳಿ ಎಂದಿದ್ದಾರೆ. ಇತ್ತ ಮನೆಯಲ್ಲಿ ಕಾಕಾನದು ಬೇರೆಯೇ ಸಿಟ್ಟು: ‘ಡಿಪ್ಲೊಮಾ ಓದಿಸಿದ್ದು ಗಟಾರ ನೋಡಾಕೇನ?’

ಅಂದರೆ ಒಂದೇ ಮನೆಯಲ್ಲಿ ಎರಡು ತಪ್ಪು ತಿಳಿವಳಿಕೆ. ಒಂದು, ದುಡ್ಡು ತುಂಬಿದರೆ ಸರ್ಕಾರಿ ನೌಕರಿ ಬರುತ್ತದೆ ಎಂಬುದು. ಇನ್ನೊಂದು, ಒಳಚರಂಡಿ ಎಂದರೆ ಗುಂಡಿಗೆ ಇಳಿಯುವುದು ಎಂಬುದು. ಈ ಲೇಖನದಲ್ಲಿ ಎರಡನ್ನೂ ನೋಡೋಣ.

ಚುಟುಕಾಗಿ ಹೇಳುವುದಾದರೆ

• ನೀರು ಮತ್ತು ಒಳಚರಂಡಿ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳು ಕಲಿಯಲು ಹೋಗುವುದು ನಿಜ. ಅದರ ದಾರಿ ಕಾಲೇಜಿನ ಪತ್ರ ಮತ್ತು ಕಚೇರಿಯ ಲಿಖಿತ ಅನುಮತಿ. ವಾಟ್ಸಾಪ್ ಲಿಂಕ್ ಅಲ್ಲ.
• ಇಂಟರ್ನ್‌ಶಿಪ್ ಮುಗಿದರೆ ನೌಕರಿ ಕಾಯಂ ಎಂಬುದು ಸುಳ್ಳು.
• ಮ್ಯಾನ್‌ಹೋಲ್‌ಗೆ, ಸೆಪ್ಟಿಕ್ ಟ್ಯಾಂಕ್‌ಗೆ ಇಳಿಯುವುದು ವಿದ್ಯಾರ್ಥಿಯ ಕಲಿಕೆಯ ಭಾಗವಲ್ಲ. ಯಾರಾದರೂ ಇಳಿ ಎಂದರೆ ‘ಆಗಲ್ಲ’ ಎನ್ನಿ. ಸುರಕ್ಷತೆಯಿಲ್ಲದೆ ಯಾರನ್ನೇ ಇಳಿಸುವುದು ಅಪರಾಧ.

ಇಂಟರ್ನ್‌ಶಿಪ್, ಜಾಬ್ ಶ್ಯಾಡೋ, ಅಪ್ರೆಂಟಿಸ್: ಮೂರೂ ಒಂದೇ ಅಲ್ಲ

ಫಾರ್ವರ್ಡ್‌ಗಳು ಈ ಪದಗಳನ್ನು ಕಲಸಿಬಿಡುತ್ತವೆ. ಬಿಡಿಸಿ ನೋಡಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಜಾಬ್ ಶ್ಯಾಡೋ ಎಂದರೆ ಒಬ್ಬ ನೌಕರರ ನೆರಳಿನಂತೆ ಒಂದು ದಿನ, ಹೆಚ್ಚೆಂದರೆ ಕೆಲವು ದಿನ ಜೊತೆಗಿದ್ದು ಅವರ ಕೆಲಸ ನೋಡುವುದು. ನೀವು ಕೆಲಸ ಮಾಡುವುದಿಲ್ಲ. ನೋಡುತ್ತೀರಿ, ಕೇಳುತ್ತೀರಿ, ಬರೆದುಕೊಳ್ಳುತ್ತೀರಿ. ಸಂಬಳದ ಮಾತಿಲ್ಲ. ನಮ್ಮ ಕಡೆ ಕಾಲೇಜುಗಳು ಮಾಡಿಸುವ ‘ಫೀಲ್ಡ್ ವಿಸಿಟ್’ ಇದಕ್ಕೆ ಹತ್ತಿರದ್ದು. ಆದರೆ ಫೀಲ್ಡ್ ವಿಸಿಟ್‌ನಲ್ಲಿ ಐವತ್ತು ಮಂದಿ ಒಟ್ಟಿಗೆ ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಶ್ಯಾಡೋದಲ್ಲಿ ಒಬ್ಬರ ಹಿಂದೆ ಒಬ್ಬರೋ ಇಬ್ಬರೋ ಇರುತ್ತಾರೆ.

ಇಂಟರ್ನ್‌ಶಿಪ್ ಕೆಲವು ವಾರಗಳಿಂದ ಕೆಲವು ತಿಂಗಳು ನಡೆಯುತ್ತದೆ. ನಿಮಗೊಂದು ಸಣ್ಣ ಕೆಲಸ ಇರುತ್ತದೆ, ಕೊನೆಗೆ ವರದಿ ಕೊಡಬೇಕು. ಡಿಪ್ಲೊಮಾ ಮತ್ತು ಬಿಇ ಪಠ್ಯಕ್ರಮದಲ್ಲಿ ಇದಕ್ಕೆ ಅಂಕವೂ ಇದೆ. ಸ್ಟೈಪೆಂಡ್ ಇರಬಹುದು, ಇಲ್ಲದಿರಬಹುದು.

ಅಪ್ರೆಂಟಿಸ್ ತರಬೇತಿ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನಡೆಯುತ್ತದೆ. ಕರಾರು ಪತ್ರವಿರುತ್ತದೆ, ಸ್ಟೈಪೆಂಡ್ ಕಡ್ಡಾಯ. 2019ರ ನಿಯಮಗಳಲ್ಲಿ ಕನಿಷ್ಠ ಮೊತ್ತ ಡಿಪ್ಲೊಮಾದವರಿಗೆ ತಿಂಗಳಿಗೆ 8,000 ರೂ., ಪದವೀಧರರಿಗೆ 9,000 ರೂ. ಎಂದು ಇತ್ತು. ಇದು ಆಗಾಗ ಪರಿಷ್ಕರಣೆ ಆಗುತ್ತದೆ, ಅರ್ಜಿ ಹಾಕುವ ದಿನದ ದರವನ್ನು ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಐಟಿಐ ಓದಿದವರಿಗೆ, ಅದರಲ್ಲೂ ಎಲೆಕ್ಟ್ರಿಷಿಯನ್, ಫಿಟ್ಟರ್, ಪಂಪ್ ಆಪರೇಟರ್, ಪ್ಲಂಬರ್ ಕಲಿತವರಿಗೆ ಇದು ಒಳ್ಳೆಯ ದಾರಿ.

ನೌಕರಿ ಇದ್ಯಾವುದೂ ಅಲ್ಲ. ಮಂಡಳಿಯ ಕಾಯಂ ಹುದ್ದೆಗೆ ಅಧಿಸೂಚನೆ ಹೊರಡಬೇಕು, ಅರ್ಜಿ, ಸ್ಪರ್ಧಾತ್ಮಕ ಪರೀಕ್ಷೆ, ಮೀಸಲಾತಿ, ಆಯ್ಕೆ ಪಟ್ಟಿ ಎಲ್ಲ ಆಗಬೇಕು. ಇಂಟರ್ನ್‌ಶಿಪ್ ಪ್ರಮಾಣಪತ್ರ ನಿಮ್ಮ ಬಯೋಡೇಟಾಕ್ಕೆ ತೂಕ ಕೊಡುತ್ತದೆ. ಪರೀಕ್ಷೆಯಿಂದ ವಿನಾಯಿತಿ ಕೊಡುವುದಿಲ್ಲ.

ಈಗ ಫಾರ್ವರ್ಡ್‌ನ 25,000 ರೂ.ಗಳನ್ನು ತೂಗಿ ನೋಡಿ. 2024ರಲ್ಲಿ ಕೇಂದ್ರ ಸರ್ಕಾರ ದೇಶದ 500 ದೊಡ್ಡ ಕಂಪನಿಗಳಿಗಾಗಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಆರಂಭಿಸಿದಾಗ ಘೋಷಿಸಿದ ಮಾಸಿಕ ನೆರವು 5,000 ರೂ. ಅದರ ಐದು ಪಟ್ಟು ದುಡ್ಡು, ಅದೂ 10ನೇ ತರಗತಿಯವರಿಗೆ, ಅದೂ ನಾಳೆಯೇ ಕೊನೆಯ ದಿನ! ಲೆಕ್ಕವೇ ಸುಳ್ಳು ಹೇಳುತ್ತಿದೆ.

ಒಳಚರಂಡಿ ನೋಡಿಕೊಳ್ಳುವವರು ಯಾರು?

‘ಸರ್ಕಾರಿ ಒಳಚರಂಡಿ ಮಂಡಳಿ’ ಎಂಬ ಒಂದೇ ಸಂಸ್ಥೆ ಕರ್ನಾಟಕದಲ್ಲಿಲ್ಲ. ಹೆಸರು ಸ್ಪಷ್ಟವಾಗಿಲ್ಲದ ಫಾರ್ವರ್ಡ್ ಮೇಲೆ ಅನುಮಾನ ಪಡಲು ಇದೂ ಒಂದು ಕಾರಣ.

ಬೆಂಗಳೂರಿಗೆ 1964ರಲ್ಲಿ ಹುಟ್ಟಿದ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಇದೆ. ಜನ ‘ಜಲಮಂಡಳಿ’ ಎನ್ನುವುದು ಇದಕ್ಕೆ. ಕಾವೇರಿ ನೀರನ್ನು ತರುವುದೂ ಅದೇ, ಬಳಸಿದ ನೀರನ್ನು ಒಯ್ದು ಶುದ್ಧೀಕರಿಸುವುದೂ ಅದೇ.

ಬೆಂಗಳೂರಿನ ಹೊರಗಿನ ಪಟ್ಟಣಗಳಲ್ಲಿ ಒಳಚರಂಡಿ ಯೋಜನೆ ರೂಪಿಸಿ ಕಟ್ಟುವುದು ಮುಖ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಟ್ಟಿದ ಮೇಲೆ ನಡೆಸುವ ಹೊಣೆ ಸಾಮಾನ್ಯವಾಗಿ ಆಯಾ ಊರಿನ ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆಯದು. ಎಷ್ಟೋ ಘಟಕಗಳನ್ನು ದಿನನಿತ್ಯ ನಡೆಸುವವರು ಗುತ್ತಿಗೆ ಸಂಸ್ಥೆಯವರು. ಆದ್ದರಿಂದ ಅರ್ಜಿ ಕೊಡುವ ಮೊದಲು ‘ಈ ಘಟಕ ಯಾರ ಕೈಯಲ್ಲಿದೆ?’ ಎಂದು ಕೇಳುವುದು ಮೊದಲ ಕೆಲಸ.

ಹಿರೇಬೆಂಡಿಗೇರಿಯಂಥ ಹಳ್ಳಿಯಲ್ಲಿ ಇದೆಲ್ಲ ಗ್ರಾಮ ಪಂಚಾಯಿತಿಯ ಪಾಲು. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಅಲ್ಲಿ ಹೋಗಿ ಏನು ನೋಡುತ್ತೀರಿ?

ಕೊಳಚೆ ನೀರು ಶುದ್ಧೀಕರಣ ಘಟಕವನ್ನು ಎಲ್ಲರೂ ಎಸ್‌ಟಿಪಿ ಎನ್ನುತ್ತಾರೆ. ಅದರ ಬಾಗಿಲಿನಿಂದ ಹೊರಹೋಗುವ ತನಕ ನೀರಿನ ಜೊತೆ ನಡೆಯುವುದೇ ಒಂದು ಪಾಠ.

ಮೊದಲು ಜಾಲರಿ. ಪ್ಲಾಸ್ಟಿಕ್ ಚೀಲ, ಬಟ್ಟೆ ಚೂರು, ಶಾಂಪೂ ಸ್ಯಾಶೆ, ಸ್ಯಾನಿಟರಿ ಪ್ಯಾಡ್ ಇಲ್ಲಿ ಸಿಕ್ಕಿಬೀಳುತ್ತವೆ. ಮನೆಯಲ್ಲಿ ಟಾಯ್ಲೆಟ್‌ಗೆ ಏನು ಹಾಕಬಾರದು ಎಂದು ಯಾರೂ ಭಾಷಣ ಮಾಡಬೇಕಿಲ್ಲ. ಹತ್ತು ನಿಮಿಷ ಜಾಲರಿ ಮುಂದೆ ನಿಂತರೆ ಸಾಕು.

ಆಮೇಲೆ ಉಸುಕು ಕೆಳಗಿಳಿಯುವ ತೊಟ್ಟಿ. ಅದಾದ ಮೇಲೆ ಗಾಳಿ ಊದುವ ದೊಡ್ಡ ತೊಟ್ಟಿ, ಅಲ್ಲಿನವರ ಮಾತಿನಲ್ಲಿ ‘ಏರೇಷನ್ ಟ್ಯಾಂಕ್’. ಇಲ್ಲಿ ನಿಜವಾದ ಕೆಲಸಗಾರರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ನೀರಿನಲ್ಲಿ ಕರಗಿದ ಕೊಳೆಯನ್ನು ತಿಂದು ಬೆಳೆಯುತ್ತವೆ. ಅವಕ್ಕೆ ಉಸಿರಾಡಲು ಆಮ್ಲಜನಕ ಬೇಕು, ಅದಕ್ಕೇ ಯಂತ್ರಗಳು ಹಗಲೂ ರಾತ್ರಿ ಗಾಳಿ ಊದುತ್ತವೆ. ಕರೆಂಟ್ ಹೋಗಿ ಬಹಳ ಹೊತ್ತು ಗಾಳಿ ನಿಂತರೆ ಅವು ಸಾಯತೊಡಗುತ್ತವೆ. ಮುಂದಿನ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳ ಗಸಿ ಕೆಳಗೆ ಕೂರುತ್ತದೆ, ಮೇಲಿನ ತಿಳಿನೀರು ಹೊರಬರುತ್ತದೆ. ಕೊನೆಗೆ ಕ್ಲೋರಿನ್ ಅಥವಾ ಬೇರೆ ವಿಧಾನದಿಂದ ರೋಗಾಣು ಕೊಲ್ಲುತ್ತಾರೆ.

ಇಂಟರ್ನ್‌ಗೆ ಸಿಗಬಹುದಾದ ಸರಳ ಕೆಲಸ ಒಂದಿದೆ. ಏರೇಷನ್ ತೊಟ್ಟಿಯ ನೀರನ್ನು ಒಂದು ಲೀಟರ್ ಅಳತೆಯ ಗಾಜಿನ ಸಿಲಿಂಡರ್‌ಗೆ ತುಂಬಿ 30 ನಿಮಿಷ ಅಲುಗಾಡಿಸದೆ ಬಿಡುವುದು. ಗಸಿ ಎಷ್ಟು ಮಿಲಿ ಲೀಟರ್ ತನಕ ಕೂತಿತು ಎಂದು ಬರೆಯುವುದು. ಗಡಿಯಾರ, ಸಿಲಿಂಡರ್, ಕಣ್ಣು ಇಷ್ಟೇ ಬೇಕು. ಆದರೆ ದಿನವೂ ಬರೆದ ಆ ಸಂಖ್ಯೆ ನೋಡಿ ಅನುಭವಿ ಆಪರೇಟರ್ ಘಟಕದ ಆರೋಗ್ಯ ಹೇಳಿಬಿಡುತ್ತಾರೆ, ಡಾಕ್ಟರು ನಾಡಿ ಹಿಡಿದಂತೆ.

ಇನ್ನೊಂದು ಪರೀಕ್ಷೆಯ ಹೆಸರು ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕಾಯಿತು ಎಂಬ ಲೆಕ್ಕ ಅದು. ಸಂಖ್ಯೆ ಹೆಚ್ಚಿದ್ದಷ್ಟೂ ನೀರು ಹೊಲಸು. ನಮ್ಮ ದೇಶದಲ್ಲಿ ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಇಡುತ್ತಾರೆ. ಸೋಮವಾರ ಇಟ್ಟ ಬಾಟಲಿಯ ಉತ್ತರ ಗುರುವಾರ. ಒಂದು ದಿನ ಶ್ಯಾಡೋ ಮಾಡಿದವರಿಗೆ ಬಾಟಲಿ ಮಾತ್ರ ಕಾಣುತ್ತದೆ. ಇಂಟರ್ನ್‌ಶಿಪ್‌ಗೆ ವಾರಗಳು ಏಕೆ ಬೇಕು ಎಂಬುದು ಇದರಲ್ಲೇ ತಿಳಿಯುತ್ತದೆ.

2017ರ ಕೇಂದ್ರ ಅಧಿಸೂಚನೆಯಂತೆ ಘಟಕದಿಂದ ಹೊರಬರುವ ನೀರಿನ ಬಿಒಡಿ ಲೀಟರಿಗೆ ಮಹಾನಗರಗಳಲ್ಲಿ 20 ಮಿಲಿಗ್ರಾಂ, ಉಳಿದೆಡೆ 30 ಮಿಲಿಗ್ರಾಂ ಮೀರಬಾರದು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಇನ್ನೂ ಬಿಗಿ ಮಾಡಿ 10ಕ್ಕೆ ಇಳಿಸಬೇಕು ಎಂದಿತು. ಘಟಕದ ದಾಖಲೆ ಪುಸ್ತಕದಲ್ಲಿ ಈ ಸಂಖ್ಯೆ ಓದಲು ಕಲಿತರೆ, ನಿಮ್ಮೂರ ಹಳ್ಳಕ್ಕೆ ಬರುವ ನೀರಿನ ಬಗ್ಗೆ ನೀವೇ ಪ್ರಶ್ನೆ ಕೇಳಬಹುದು.

ಇದು ಸಿವಿಲ್ ಓದಿದವರಿಗೆ ಮಾತ್ರ ಅಂದುಕೊಳ್ಳಬೇಡಿ. ಪಂಪು, ಮೋಟರ್, ಪ್ಯಾನೆಲ್ ಬೋರ್ಡ್ ಎಲೆಕ್ಟ್ರಿಕಲ್‌ನವರಿಗೆ. ಪ್ರಯೋಗಾಲಯ ಬಿಎಸ್ಸಿ ಕೆಮಿಸ್ಟ್ರಿ, ಮೈಕ್ರೋಬಯಾಲಜಿಯವರಿಗೆ. ಪೈಪ್ ಜಾಲದ ನಕ್ಷೆ ಕಂಪ್ಯೂಟರ್ ಬಲ್ಲವರಿಗೆ. ದೂರು ವಿಭಾಗ, ಜನರಿಗೆ ತಿಳಿಹೇಳುವ ಕೆಲಸ ನನ್ನಂತೆ ಸಂವಹನ ಓದಿದವರಿಗೆ.

ಮಿಥ್ಯೆ 1: ‘ಇಂಟರ್ನ್‌ಗಳನ್ನು ಮ್ಯಾನ್‌ಹೋಲ್‌ಗೆ ಇಳಿಸ್ತಾರೆ’

ಕಾಕಾನ ಭಯದ ಮೂಲ ಇದು. ಆ ಭಯ ಸುಮ್ಮನೆ ಬಂದದ್ದಲ್ಲ. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್‌ಗಳಲ್ಲಿ ಜನ ಸತ್ತ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಸತ್ತವರಲ್ಲಿ ಹೆಚ್ಚಿನವರು ಯಾವ ಜಾತಿಯ, ಎಂಥ ಬಡತನದ ಮನೆಗಳಿಂದ ಬಂದವರು ಎಂಬುದೂ ಗೊತ್ತಿದೆ.

ಕಾನೂನು ಏನು ಹೇಳುತ್ತದೆ? 2013ರ ಕಾಯ್ದೆ ಕೈಯಿಂದ ಮಲ ಬಾಚಿಸುವುದನ್ನೂ, ಸುರಕ್ಷಾ ಸಾಧನಗಳಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡಿಸುವುದನ್ನೂ ನಿಷೇಧಿಸಿದೆ. ಅಪಾಯಕಾರಿ ಶುಚಿಗೊಳಿಸುವಿಕೆಗೆ ಜನರನ್ನು ಹಚ್ಚಿದರೆ ಮೊದಲ ಸಲವೇ ಎರಡು ವರ್ಷದ ತನಕ ಜೈಲು ಅಥವಾ 2 ಲಕ್ಷ ರೂ. ತನಕ ದಂಡ ಅಥವಾ ಎರಡೂ. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿಗೆ 10 ಲಕ್ಷ ರೂ. ಪರಿಹಾರ ಕೊಡಬೇಕು ಎಂದಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಹೀಗಿದ್ದರೂ ಸಾವು ನಿಂತಿಲ್ಲ. ಆದ್ದರಿಂದ ‘ಕಾನೂನಿದೆ, ಚಿಂತೆ ಬೇಡ’ ಎಂದು ನಾನು ಹೇಳುವುದಿಲ್ಲ. ವಿದ್ಯಾರ್ಥಿಯಾಗಿ ನಿಮ್ಮ ಗೆರೆ ನಿಮಗೆ ಸ್ಪಷ್ಟವಾಗಿರಲಿ: ಮುಚ್ಚಳದ ಮೇಲಿಂದ ಕೆಳಗೆ ಕಾಲಿಡುವಂತಿಲ್ಲ. ‘ಒಂದು ನಿಮಿಷ ಇಳಿದು ಫೋಟೊ ತೆಗೆದುಕೊಂಡು ಬಾ’ ಎಂದರೂ ಇಲ್ಲ. ಜೊತೆಗೆ, ನಿಮ್ಮೆದುರು ಬೇರೊಬ್ಬರನ್ನು ಹಾಗೆ ಇಳಿಸುತ್ತಿದ್ದರೆ ಅದೂ ಅದೇ ಅಪರಾಧ. ನಿಮ್ಮ ಮೇಷ್ಟ್ರಿಗೆ, ಘಟಕದ ಎಂಜಿನಿಯರ್‌ಗೆ ತಕ್ಷಣ ಹೇಳಿ. ಕಟ್ಟಿಕೊಂಡ ಚರಂಡಿ, ತುಂಬಿದ ಸೆಪ್ಟಿಕ್ ಟ್ಯಾಂಕ್ ಬಗ್ಗೆ ದೂರು ಕೊಡಲು ಕೇಂದ್ರ ಸರ್ಕಾರ 2020ರಲ್ಲಿ 14420 ಸಹಾಯವಾಣಿ ಪ್ರಕಟಿಸಿದೆ. ಬೆಂಗಳೂರಿನಲ್ಲಿ ಜಲಮಂಡಳಿಯ ಸಂಖ್ಯೆ 1916.

ಕಟ್ಟಿಕೊಂಡ ಪೈಪ್ ಬಿಡಿಸಲು ಈಗ ಜೆಟ್ಟಿಂಗ್ ಮಷಿನ್, ಸಕ್ಕಿಂಗ್ ಮಷಿನ್ ಇವೆ. ಅವು ಕೆಲಸ ಮಾಡುವುದನ್ನು ರಸ್ತೆಯ ಮೇಲೆ ನಿಂತು ನೋಡುವುದು ಒಳ್ಳೆಯ ಶ್ಯಾಡೋ ಪಾಠ.

ಮಿಥ್ಯೆ 2: ‘ದೀಪ ಇಳಿಬಿಟ್ಟು ನೋಡಿದರೆ ಗ್ಯಾಸ್ ಇದೆಯೋ ಇಲ್ಲವೋ ಗೊತ್ತಾಗುತ್ತೆ’

ಹಳೇ ಬಾವಿಗೆ ಇಳಿಯುವ ಮೊದಲು ಕಂದೀಲು ಇಳಿಬಿಡುವುದನ್ನು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ದೀಪ ಆರಿದರೆ ಒಳಗೆ ಉಸಿರಾಡಲು ಗಾಳಿ ಸಾಲದು ಎಂಬ ತರ್ಕ. ಚರಂಡಿಯಲ್ಲಿ ಈ ಉಪಾಯ ಎರಡು ರೀತಿಯಲ್ಲಿ ಕೊಲ್ಲಬಹುದು.

ಒಂದು, ಅಲ್ಲಿ ಮೀಥೇನ್ ಇರುತ್ತದೆ. ಗಾಳಿಯಲ್ಲಿ ಅದು ಸುಮಾರು ಶೇ 5ರಿಂದ 15ರಷ್ಟಿದ್ದರೆ ಒಂದು ಕಿಡಿಗೆ ಸ್ಫೋಟವಾಗುತ್ತದೆ. ಎರಡು, ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರುವಾಗಲೂ ದೀಪ ಆರಾಮವಾಗಿ ಉರಿಯುತ್ತಿರಬಹುದು. ದೀಪಕ್ಕೆ ಬೇಕಾದದ್ದು ಆಮ್ಲಜನಕ ಮಾತ್ರ, ವಿಷದ ಸುದ್ದಿ ಅದಕ್ಕೆ ತಿಳಿಯುವುದಿಲ್ಲ.

ಇದನ್ನು ಅಳೆಯಲು ಗ್ಯಾಸ್ ಡಿಟೆಕ್ಟರ್ ಎಂಬ ಅಂಗೈಯಗಲದ ಯಂತ್ರ ಇದೆ. ಘಟಕಕ್ಕೆ ಹೋದಾಗ ಅದನ್ನು ತೋರಿಸಿ ಎಂದು ಕೇಳಿ.

ಮಿಥ್ಯೆ 3: ‘ವಾಸನೆ ಹೋಯ್ತು ಅಂದ್ರೆ ಗ್ಯಾಸ್ ಹೋಯ್ತು’

ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಹೈಡ್ರೋಜನ್ ಸಲ್ಫೈಡ್ ಅತಿ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 100 ಭಾಗ ತಲುಪಿದರೆ ಮೂಗಿನ ಗ್ರಹಿಸುವ ಶಕ್ತಿಯೇ ಸತ್ತುಹೋಗುತ್ತದೆ. ವಾಸನೆ ನಿಂತಿತು ಎಂದು ಅನಿಸುವ ಹೊತ್ತು, ವಿಷ ಹೆಚ್ಚಿರುವ ಹೊತ್ತೂ ಆಗಿರಬಹುದು. ಇನ್ನೂ ಹೆಚ್ಚಾದರೆ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ. ಈ ಅನಿಲ ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂರುತ್ತದೆ.

ಬಿದ್ದವರನ್ನು ಎತ್ತಲು ಇನ್ನೊಬ್ಬರು, ಅವರನ್ನು ಎತ್ತಲು ಮತ್ತೊಬ್ಬರು ಇಳಿದು ಒಂದೇ ಗುಂಡಿಯಲ್ಲಿ ಎರಡು ಮೂರು ಜೀವ ಹೋಗುವುದು ಇದೇ ಕಾರಣಕ್ಕೆ. ಇಂಥ ಸಂದರ್ಭ ಕಂಡರೆ ಇಳಿಯಬೇಡಿ, ಯಾರನ್ನೂ ಇಳಿಯಲು ಬಿಡಬೇಡಿ. 112ಕ್ಕೆ ಕರೆ ಮಾಡಿ. ಉಸಿರಾಟದ ಸಾಧನ ಇರುವ ರಕ್ಷಣಾ ಸಿಬ್ಬಂದಿಯೇ ಬರಬೇಕು.

‘ಕುಡಿದು ಇಳಿದರೆ ಏನೂ ಆಗಲ್ಲ’ ಎಂಬ ಮಾತೂ ಇದರ ಜೊತೆಯದು. ಮದ್ಯ ಯಾವ ಅನಿಲದಿಂದಲೂ ಕಾಪಾಡುವುದಿಲ್ಲ. ಕೈಕಾಲಿನ ಹಿಡಿತ, ಅಪಾಯದ ಅರಿವು ಎರಡನ್ನೂ ಕಸಿಯುತ್ತದೆ.

ಮಿಥ್ಯೆ 4: ‘ಎಸ್‌ಟಿಪಿ ಹತ್ತಿರ ನಿಂತರೆ ರೋಗ ಗ್ಯಾರಂಟಿ’

ಸುಮ್ಮನೆ ನಿಂತು ನೋಡಿದರೆ ರೋಗ ಬರುತ್ತದೆ ಎಂಬುದು ಅತಿಯಾದ ಮಾತು. ಏನೂ ಆಗಲ್ಲ ಎಂಬುದೂ ತಪ್ಪು. ಕೊಳಚೆ ನೀರಿನಲ್ಲಿ ಟೈಫಾಯ್ಡ್, ಹೆಪಟೈಟಿಸ್ ಎ, ಭೇದಿ ತರುವ ರೋಗಾಣು ಇರಬಹುದು. ಇಲಿ ಮೂತ್ರದಿಂದ ಬರುವ ಇಲಿಜ್ವರದ ಅಪಾಯವೂ ಉಂಟು. ಇವು ಮುಖ್ಯವಾಗಿ ಒಳಸೇರುವುದು ಕೈಯಿಂದ ಬಾಯಿಗೆ, ಇಲ್ಲವೇ ಗಾಯದ ಮೂಲಕ.

ಅದಕ್ಕೆ ತಕ್ಕ ಎಚ್ಚರ ಸರಳ. ಮುಚ್ಚಿದ ಬೂಟು, ಗ್ಲೌಸ್, ಮಾಸ್ಕ್ ಇರಲಿ. ಗಾಯವಿದ್ದರೆ ನೀರು ತಾಗದಂತೆ ಮುಚ್ಚಿ. ಘಟಕದೊಳಗೆ ತಿನ್ನಬೇಡಿ, ಎಲೆ ಅಡಿಕೆ, ಗುಟ್ಕಾ ಬೇಡವೇ ಬೇಡ. ಮೊಬೈಲ್ ಹಿಡಿದ ಕೈಯನ್ನೇ ಮುಖಕ್ಕೆ ಒಯ್ಯಬೇಡಿ. ಹೊರಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ. ಧನುರ್ವಾಯು ಲಸಿಕೆ, ಅಂದರೆ ‘ಟಿಟಿ ಇಂಜೆಕ್ಷನ್’ ಯಾವಾಗ ಆಗಿತ್ತು, ಬೇರೆ ಲಸಿಕೆ ಬೇಕೇ ಎಂದು ಹೋಗುವ ಮೊದಲೇ ವೈದ್ಯರನ್ನು ಕೇಳಿ.

ತೊಟ್ಟಿಗಳ ಅಂಚಿನಲ್ಲಿ ಒಂಟಿಯಾಗಿ ನಿಲ್ಲಬೇಡಿ. ಗಾಳಿ ಊದುವ ತೊಟ್ಟಿಯ ನೀರು ಗುಳ್ಳೆಗಳಿಂದ ತುಂಬಿರುತ್ತದೆ. ಅದರಲ್ಲಿ ತೇಲುವುದು ಕಷ್ಟ, ಈಜು ಬಂದವರಿಗೂ. ಸೆಲ್ಫಿ ರೇಲಿಂಗ್‌ನಿಂದ ದೂರ ನಿಂತು ತೆಗೆಯಿರಿ, ಅದೂ ಅನುಮತಿ ಇದ್ದರೆ.

ಮಿಥ್ಯೆ 5: ‘ಇದು ಓದಿದವರ ಕೆಲಸ ಅಲ್ಲ’

‘ಗಟಾರ ಕೆಲಸ’ ಎಂಬ ಮಾತಿನಲ್ಲಿ ಕೆಲಸದ ಬಗ್ಗೆ ಎಷ್ಟು ಇದೆಯೋ ಜಾತಿಯ ಬಗ್ಗೆಯೂ ಅಷ್ಟೇ ಇದೆ. ಅದನ್ನು ಬದಿಗಿಟ್ಟು ಕೆಲಸವನ್ನೇ ನೋಡೋಣ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆ ನೋಡಿ. ನಗರದ ಬಳಸಿದ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಪಂಪ್ ಮಾಡಲಾಗುತ್ತದೆ. ದಿನಕ್ಕೆ 44 ಕೋಟಿ ಲೀಟರ್ ಒಯ್ಯುವಂತೆ ರೂಪಿಸಿದ ಯೋಜನೆ ಅದು. 2018ರಲ್ಲಿ ಮೊದಲ ನೀರು ಕೋಲಾರ ಮುಟ್ಟಿತು. ಆ ನೀರು ಅಂತರ್ಜಲ ಹೆಚ್ಚಿಸಿತೇ, ಮೂರನೇ ಹಂತದ ಶುದ್ಧೀಕರಣ ಇಲ್ಲದೆ ಬಿಡುವುದು ಸರಿಯೇ ಎಂಬ ವಾದ ಕೋರ್ಟಿನ ತನಕ ಹೋಯಿತು. ಈ ವಾದದ ಎರಡೂ ಬದಿಗೆ ಬೇಕಾದದ್ದು ನೀರನ್ನು ಅಳೆಯಬಲ್ಲ, ಸಂಖ್ಯೆ ಓದಬಲ್ಲ ಜನ.

ಹೊರದೇಶಗಳಲ್ಲೂ ಇದೇ ಚಿಂತೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ನೀರು ಮತ್ತು ಕೊಳಚೆ ಸಂಸ್ಥೆಗಳು ‘ಬೇವರ್ಕ್’ ಎಂಬ ಒಕ್ಕೂಟವನ್ನೇ ಕಟ್ಟಿಕೊಂಡಿವೆ. ಹಳೇ ಆಪರೇಟರ್‌ಗಳು ನಿವೃತ್ತರಾದ ಮೇಲೆ ಘಟಕ ನಡೆಸುವವರು ಯಾರು ಎಂಬ ಪ್ರಶ್ನೆಯಿಂದ ಹುಟ್ಟಿದ ಒಕ್ಕೂಟ ಅದು. ಅಲ್ಲಿ ಇಂಟರ್ನ್‌ಶಿಪ್ ಎಂದರೆ ಮುಂದಿನ ಕೆಲಸಗಾರರನ್ನು ತಯಾರು ಮಾಡುವ ದಾರಿ.

ಒಂದು ಮಾತು ಮಾತ್ರ ಮರೆಯಬಾರದು. ಇಂಟರ್ನ್ ಹೆಲ್ಮೆಟ್ ಹಾಕಿ ನೋಟ್‌ಬುಕ್ ಹಿಡಿದು ಮೇಲೆ ನಿಲ್ಲುವ ಜಾಗದಲ್ಲೇ, ಜಾಲರಿಯ ಕಸ ಎತ್ತುವವರು ಗುತ್ತಿಗೆ ಕಾರ್ಮಿಕರಾಗಿರುತ್ತಾರೆ. ಆ ಘಟಕದ ಬಗ್ಗೆ ಎಂಜಿನಿಯರ್‌ಗಿಂತ ಹೆಚ್ಚು ಗೊತ್ತಿರುವುದು ಅವರಿಗೇ ಇರಬಹುದು. ‘ಅಣ್ಣಾ, ಅಕ್ಕಾ’ ಎಂದು ಮಾತಾಡಿಸಿ, ಕೇಳಿ ಕಲಿಯಿರಿ. ಅವರಿಗೆ ಗ್ಲೌಸ್, ಬೂಟು ಸಿಗುತ್ತಿದೆಯೇ ಎಂಬುದೂ ನಿಮ್ಮ ವರದಿಯಲ್ಲಿ ಒಂದು ಸಾಲು ಆಗಲಿ.

ಹಾಗಾದರೆ ಅರ್ಜಿ ಹಾಕುವುದು ಹೇಗೆ?

1. ಮೊದಲು ಕಾಲೇಜು. ವಿಭಾಗದ ಮುಖ್ಯಸ್ಥರು ಅಥವಾ ಪ್ಲೇಸ್‌ಮೆಂಟ್ ಅಧಿಕಾರಿಯಿಂದ ಪತ್ರ ಪಡೆಯಿರಿ. ಅದರಲ್ಲಿ ನಿಮ್ಮ ಕೋರ್ಸ್, ಎಷ್ಟು ವಾರ, ಯಾವ ದಿನದಿಂದ ಎಂಬುದು ಇರಲಿ.

2. ಜಾಗ ಗುರುತಿಸಿ. ಶಿಗ್ಗಾಂವಿ ಕಡೆಯವರಾದರೆ ಪುರಸಭೆ, ಹಾವೇರಿ ನಗರಸಭೆ, ಹೆದ್ದಾರಿ ಹಿಡಿದು ಹೋದರೆ ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯಲ್ಲಿ ವಿಚಾರಿಸಬಹುದು. ಶುದ್ಧೀಕರಣ ಘಟಕ ನಿಜಕ್ಕೂ ನಡೆಯುತ್ತಿದೆಯೇ ಎಂದು ಮೊದಲೇ ಕೇಳಿ. ನಿಂತ ಘಟಕದಲ್ಲಿ ಬಿಒಡಿ ಕಲಿಯಲಾಗದು.

3. ಕಚೇರಿಗೆ ಹೋಗಿ ಅರ್ಜಿ ಕೊಡಿ. ಕಾಲೇಜಿನ ಪತ್ರ, ಗುರುತಿನ ಚೀಟಿ, ಒಂದು ಪುಟದ ಬಯೋಡೇಟಾ ಜೊತೆಗಿರಲಿ. ಸ್ವೀಕೃತಿ ಸಹಿ ಮತ್ತು ಮೊಹರು ಪಡೆಯಿರಿ. ಉತ್ತರಕ್ಕೆ ವಾರಗಳು ಹಿಡಿಯಬಹುದು, ಆದ್ದರಿಂದ ಸೆಮಿಸ್ಟರ್ ಮುಗಿಯುವ ಎರಡು ಮೂರು ತಿಂಗಳು ಮೊದಲೇ ಶುರು ಮಾಡಿ.

4. ಲಿಖಿತ ಅನುಮತಿ ಸಿಗದೆ ಘಟಕಕ್ಕೆ ಹೋಗಬೇಡಿ. ಮಾರ್ಗದರ್ಶಕರು ಯಾರು, ಅವಘಡವಾದರೆ ವಿಮೆ ಯಾರದು, ಹೆಲ್ಮೆಟ್ ಬೂಟು ಯಾರು ಕೊಡುತ್ತಾರೆ ಎಂದು ಕೇಳುವುದು ನಿಮ್ಮ ಹಕ್ಕು. ಹೆಣ್ಣುಮಕ್ಕಳು ಶೌಚಾಲಯ ಎಲ್ಲಿದೆ, ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಕೊನೆಯ ಬಸ್ ಯಾವಾಗ ಎಂಬುದನ್ನೂ ನಾಚದೆ ಕೇಳಿ.

5. ಪದವಿ ಮುಗಿಸಿದವರಿಗೆ ಇನ್ನೊಂದು ದಾರಿ ‘ಟುಲಿಪ್’. 2020ರ ಜೂನ್‌ನಲ್ಲಿ ಆರಂಭವಾದ ಈ ಕೇಂದ್ರ ಯೋಜನೆ, ಪದವಿ ಮುಗಿಸಿ 18 ತಿಂಗಳೊಳಗಿನವರಿಗೆ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಇಂಟರ್ನ್‌ಶಿಪ್ ಕೊಡಲು ರೂಪಿಸಿದ್ದು. ಪ್ರಕಟಣೆಗಳು ಎಐಸಿಟಿಇ ಪೋರ್ಟಲ್‌ನಲ್ಲಿ ಬರುತ್ತವೆ.

18 ವರ್ಷ ತುಂಬದ ಪಿಯುಸಿ, ಹೈಸ್ಕೂಲ್ ಮಕ್ಕಳು ಶಿಕ್ಷಕರ ಜೊತೆ ನೋಡಲು ಮಾತ್ರ ಹೋಗಬೇಕು, ಕೆಲಸಕ್ಕಲ್ಲ.

ಫಾರ್ವರ್ಡ್ ಬಂದರೆ ಈ ಐದು ಕೇಳಿಕೊಳ್ಳಿ

• ಸಂಸ್ಥೆಯ ಪೂರ್ತಿ ಹೆಸರು, ಅಧಿಸೂಚನೆ ಸಂಖ್ಯೆ, ದಿನಾಂಕ ಇದೆಯೇ?
• ಅದೇ ಪ್ರಕಟಣೆ ಸಂಸ್ಥೆಯ ಸರ್ಕಾರಿ ಜಾಲತಾಣದಲ್ಲಿ ಇದೆಯೇ? ಫಾರ್ವರ್ಡ್‌ನ ಲಿಂಕ್ ಒತ್ತಬೇಡಿ, ನೀವೇ ಹುಡುಕಿ ತೆರೆಯಿರಿ.
• ದುಡ್ಡು ಯಾರ ಖಾತೆಗೆ? ಕೆಲವು ಸಾರ್ವಜನಿಕ ಸಂಸ್ಥೆಗಳು ತರಬೇತಿಗೆ ಶುಲ್ಕ ತೆಗೆದುಕೊಳ್ಳುವುದುಂಟು. ಆದರೆ ಅದು ಪತ್ರದಲ್ಲಿ ಬರೆದಿರುತ್ತದೆ, ಸಂಸ್ಥೆಯ ಖಾತೆಗೆ ಹೋಗುತ್ತದೆ, ರಸೀದಿ ಸಿಗುತ್ತದೆ. ಯಾರದೋ ಮೊಬೈಲ್ ನಂಬರಿನ ಯುಪಿಐಗೆ ಹೋಗುವ ದುಡ್ಡು ವಾಪಸ್ ಬರುವುದಿಲ್ಲ.
• ಒಟಿಪಿ, ಆಧಾರ್ ಫೋಟೊ, ಪಾಸ್‌ಬುಕ್ ಮೊದಲೇ ಕೇಳುತ್ತಿದ್ದಾರೆಯೇ?
• ‘ನಾಳೆಯೇ ಕೊನೆ’, ‘ಪರ್ಮನೆಂಟ್ ಗ್ಯಾರಂಟಿ’, ‘ಹತ್ತು ಜನರಿಗೆ ಕಳಿಸಿ’ ಎಂದಿದೆಯೇ?

ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ಎಷ್ಟು ಬೇಗ ಹೇಳುತ್ತೀರೋ, ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ದೂರ ಹೋಗಲು ಆಗದವರಿಗೆ: ಊರಲ್ಲೇ ಒಂದು ಪಾಠ

ಜಲಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಮನೆಗೆ ಬಂದ ನೀರಿನ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರ್‌ಗಳ ಲೆಕ್ಕ. ಅಂದರೆ ಒಬ್ಬರಿಂದ 44 ಲೀಟರ್, ಐದು ಜನರ ಮನೆಯಿಂದ 220 ಲೀಟರ್, ಸಾವಿರ ಜನರಿಂದ ದಿನಕ್ಕೆ 44,000 ಲೀಟರ್. ನಳ ಬಂದ ಖುಷಿಯಲ್ಲಿ ನಾವು ಕೇಳದ ಪ್ರಶ್ನೆ ಇದು: ಈ ನೀರು ಎಲ್ಲಿ ಹೋಗುತ್ತದೆ?

ಪಂಚಾಯಿತಿಯ ಪಿಡಿಒ ಅವರ ಅನುಮತಿ ಪಡೆದು ನೀರಗಂಟಿಯ ಜೊತೆ ಎರಡು ದಿನ ನಡೆಯಿರಿ. ಯಾವ ಓಣಿಯ ಬಚ್ಚಲು ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಬಚ್ಚಲು ಗುಂಡಿ ಇದೆ, ಸೆಪ್ಟಿಕ್ ಟ್ಯಾಂಕ್ ತುಂಬಿದಾಗ ಬರುವ ಗಾಡಿ ಅದನ್ನು ಎಲ್ಲಿ ಸುರಿಯುತ್ತದೆ ಎಂದು ನಕ್ಷೆ ಬರೆಯಿರಿ. ಕೊನೆಯ ಪ್ರಶ್ನೆಗೆ ಉತ್ತರ ‘ಹಳ್ಳಕ್ಕೆ’ ಎಂದಾದರೆ, ದೇವನಹಳ್ಳಿಯ ಉದಾಹರಣೆ ನೋಡಿ. ಅಲ್ಲಿ ಸೆಪ್ಟಿಕ್ ಟ್ಯಾಂಕ್ ಗಸಿಯನ್ನೇ ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ 2015ರಿಂದ ಇದೆ. ಇದು ಕಾಲೇಜಿಗೆ ಒಪ್ಪುವ ವರದಿ ಆಗುತ್ತದೆ, ಗ್ರಾಮಸಭೆಯಲ್ಲಿ ಇಡಬಹುದಾದ ಕಾಗದವೂ ಆಗುತ್ತದೆ.

ಕಾಕಾನ ಮಗಳು 999 ರೂ. ತುಂಬಲಿಲ್ಲ. ಮರುದಿನ ಫಾರ್ವರ್ಡ್‌ನ ಲಿಂಕೇ ಮಾಯವಾಗಿತ್ತು. ಆಕೆ ಕಾಲೇಜಿನಿಂದ ಪತ್ರ ಬರೆಸಿಕೊಂಡು ಅರ್ಜಿ ಕೊಟ್ಟು ಬಂದಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ. ಕಾಕಾ ಮೊನ್ನೆ ಫೋನಿನಲ್ಲಿ ಕೇಳಿದ್ದು ಒಂದೇ: ‘ಗುಂಡ್ಯಾಗ ಇಳಸಂಗಿಲ್ಲ ಹೌದಿಲ್ಲ?’ ಇಲ್ಲ ಕಾಕಾ, ಆಕೀನೂ ಇಳಸಂಗಿಲ್ಲ, ಯಾರನ್ನೂ ಇಳಸಂಗಿಲ್ಲ ಎಂದೆ.

ಶೇರ್ ಮಾಡಲು ನಾಲ್ಕು ಸಾಲು

ಒಳಚರಂಡಿ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಬೇಕೇ? ಕಾಲೇಜಿನ ಪತ್ರ, ಕಚೇರಿಯ ಲಿಖಿತ ಅನುಮತಿ, ಇದೇ ದಾರಿ.
ಖಾಸಗಿ ಯುಪಿಐಗೆ ದುಡ್ಡು ಕೇಳಿದರೆ ಅದು ಮೋಸ. ದೂರು: 1930.
ಇಂಟರ್ನ್‌ಶಿಪ್ ಕಲಿಕೆ, ಕಾಯಂ ನೌಕರಿ ಅಲ್ಲ.
ಗುಂಡಿಗೆ ನೀವೂ ಇಳಿಯಬೇಡಿ, ಯಾರನ್ನೂ ಇಳಿಸಲು ಬಿಡಬೇಡಿ.